ಮೆಣಸಿನಕಾಯಿ ಗ್ರಾಮಸಭೆ

ಅಧ್ಯಕ್ಷರು ಮೈಕಿಗೆ ಉಫ್ ಉಫ್ ಎಂದು ಊದುವುದಕ್ಕೂ, ಪಂಚಾಯ್ತಿ ಕಟ್ಟಡದ ಹಿಂದೆ ದುರುಗೇಶ ಹಿಟ್ಟಿನಲ್ಲಿ ಅದ್ದಿದ ಮೊದಲ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಬಿಡುವುದಕ್ಕೂ ಸರಿಹೋಯಿತು. ಶಾಮಿಯಾನದ ಕೆಳಗೆ ಕೂತಿದ್ದವರ ಮೂಗುಗಳೆಲ್ಲ ಒಟ್ಟಿಗೇ ಹಿಂದಕ್ಕೆ ತಿರುಗಿದವು. ಗ್ರಾಮಸಭೆಗೆ ಅಷ್ಟೊಂದು ಜನ ಬಂದಿದ್ದನ್ನು ಆ ಊರು ಕಂಡೇ ಇರಲಿಲ್ಲ. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಇಟ್ಟಿರುವ ದುರುಗೇಶನನ್ನು ಹಿಡಿದುತಂದು, ಸಭೆಗೆ ಬಂದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಎಂದು ಮನೆಮನೆಗೂ ಸುದ್ದಿ ಮುಟ್ಟಿಸಿದವಳು ಹೊಸ ಸದಸ್ಯೆ ನೇತ್ರಾವತಿ.

ಹಿಂದಿನ ಸಭೆಗಳು ಕೋರಂ ಇಲ್ಲದೆ ಮುಂದಕ್ಕೆ ಹೋಗಿದ್ದವು. ಅಧ್ಯಕ್ಷ ಮಹೇಶ್ವರಪ್ಪನವರಿಗೆ ಅದೇನೂ ಬೇಸರದ ಸಂಗತಿಯಾಗಿರಲಿಲ್ಲ. ಜನ ಇಲ್ಲದ ಕಡೆ ಪ್ರಶ್ನೆಯೂ ಇರುವುದಿಲ್ಲ. ಬೇಸರವಾಗಿದ್ದು ನೇತ್ರಾವತಿಗೆ. ಅವಳಿದ್ದ ಮೇಲಿನ ಓಣಿಯಲ್ಲಿ ಬಚ್ಚಲ ನೀರು ಬಾಗಿಲ ಮುಂದೆಯೇ ನಿಂತು ಸೊಳ್ಳೆ ಸಾಕುತ್ತಿತ್ತು. ಚರಂಡಿ ಮಾಡಿಸಿಯೇ ತೀರುತ್ತೇನೆ ಎಂದು ಹೇಳಿಯೇ ಅವಳು ಗೆದ್ದಿದ್ದಳು. ಈ ವರ್ಷದ ಅನುದಾನ ಒಂದೇ ಕಾಮಗಾರಿಗೆ ಸಾಲುವಂಥದ್ದು, ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕೇ ಬೇಕು. ಸಭೆ ನಡೆಯದೆ ಚರಂಡಿ ಇಲ್ಲ. ಅವಳು ನೀರಿಗೆ ಹೊರಟರೂ ಸಾಕು, ಓಣಿಯವರು 'ಬಂತೇನವ್ವ ಚರಂಡಿ?' ಎಂದು ಕಾಲೆಳೆಯಲು ಶುರುಮಾಡಿದ್ದರು.

ಮಹೇಶ್ವರಪ್ಪನವರೂ ಕಡಿಮೆ ಆಸಾಮಿಯಲ್ಲ. ಮೆಣಸಿನಕಾಯಿ ಹಂಚುವುದು ಸಭೆ ಮುಗಿದ ಮೇಲೆಯೇ ಎಂದು ಮೊದಲೇ ಸಾರಿಬಿಟ್ಟರು. ಆಮೇಲೆ ಊರ ಬಾಗಿಲಿಗೆ ಒಂದು ದೊಡ್ಡ ಕಮಾನು ಕಟ್ಟಿಸುವ ವಿಷಯ ಎತ್ತಿಕೊಂಡರು. 'ಆತೇನ್ರಪ್ಪ?' ಎಂದರೆ 'ಆತ್ರಿ, ಆತ್ರಿ' ಎಂದಿತು ಸಭೆ. ಎಷ್ಟು ಎತ್ತರ, ಯಾತಕ್ಕೆ, ಒಬ್ಬರೂ ಕೇಳಲಿಲ್ಲ. ಸಭೆ ಬೇಗ ಮುಗಿದಷ್ಟೂ ಮೆಣಸಿನಕಾಯಿ ಬಿಸಿ. ನೇತ್ರಾವತಿ ಹಿಂದಕ್ಕೆ ತಿರುಗಿ ಒಲೆಯ ಹೊಗೆ ನೋಡಿದಳು. ಜನರನ್ನು ಕರೆತಂದವಳು ತಾನು, ಒಲೆ ಹಾಕಿಸಿದವಳು ತಾನು, ಬೇಯುತ್ತಿರುವುದು ಮಾತ್ರ ಅಧ್ಯಕ್ಷರ ಬೇಳೆ. ಇನ್ನು ಕೈ ಎತ್ತಿಸುವುದೊಂದೇ ಬಾಕಿ. ಅವಳು ಸದ್ದಿಲ್ಲದೆ ಎದ್ದು ಕಟ್ಟಡದ ಹಿಂದಕ್ಕೆ ಹೋದಳು.

"ದುರುಗೇಶಣ್ಣ, ಈಗ್ಲೇ ಹಂಚಿಬಿಡು."

"ಸಭೆ ಮುಗೀಲಿ ಅಂದಾರಲ್ಲ ಅಧ್ಯಕ್ಷರು?"

"ಆರಿದ್ ಮೆಣಸಿನಕಾಯಿ ತಿಂದು ಎಲ್ರೂ ನಿನ್ನ ಬೈಕಂಡು ಹೋಗ್ಲೇನು?"

ತನ್ನ ಕೈರುಚಿಗೆ ಕೆಟ್ಟ ಹೆಸರು ಬರುವುದಕ್ಕಿಂತ ದೊಡ್ಡ ಭಯ ದುರುಗೇಶನಿಗೆ ಇನ್ನೊಂದಿರಲಿಲ್ಲ. ಪೊಟ್ಟಣಗಳು ಹೊರಟೇಬಿಟ್ಟವು.

ಪೊಟ್ಟಣ ಕೈಗೆ ಬಂದ ಮೇಲೆ ಯಾರಿಗೆ ಅವಸರ? ಖಾರಕ್ಕೆ ಉಸ್ಸೆನ್ನುತ್ತ, ಕಾಲು ಚಾಚಿಕೊಂಡು, ಜನ ಅಧ್ಯಕ್ಷರ ಮಾತನ್ನು ಅವತ್ತು ಮೊದಲ ಸಲ ಕಿವಿಗೆ ಹಾಕಿಕೊಂಡರು. ಈಗ ಕಮಾನು ಯಾಕೆ ಎಂದು ಒಬ್ಬ ಕೇಳಿದ, ಅದರ ಮೇಲೆ ಯಾರ ಹೆಸರು ಬರೆಸುತ್ತೀರಿ ಎಂದು ಇನ್ನೊಬ್ಬ. ಅಧ್ಯಕ್ಷರ ತಂದೆಯ ಹೆಸರಂತೆ ಎಂದು ಗೊತ್ತಾದಾಗ ಶಾಮಿಯಾನವೇ ನಕ್ಕಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಂಗಸರ ಕಡೆಯಿಂದ ಒಂದು ಮಾತು ಬಂತು. ಕಮಾನು ಕಟ್ಟುವ ಮೊದಲೇ ಬಿದ್ದುಹೋಯಿತು.

ನೇತ್ರಾವತಿ ಮೈಕ್ ಹಿಡಿದು ಚರಂಡಿಯ ಮಾತೆತ್ತಿದಳು. ಮೇಲಿನ ಓಣಿಯವರು ಚಪ್ಪಾಳೆ ಹೊಡೆದರು. ಇನ್ನೇನು ಗೆದ್ದೆ ಎಂದುಕೊಳ್ಳುವಾಗ ಕೆಳಗೇರಿಯ ಕಾಟಮ್ಮ ಎದ್ದು ನಿಂತಳು. ವಯಸ್ಸಾದ ಹೆಂಗಸು, ಸಭೆಗೆ ಬಂದಿದ್ದು ಇದೇ ಮೊದಲು. ಅವಳ ಮನೆಗೇ ಹೋಗಿ, ಬರಲೇಬೇಕೆಂದು ಕರೆದಿದ್ದವಳೂ ನೇತ್ರಾವತಿಯೇ. ಕಾಟಮ್ಮ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಚರಂಡಿ ಮಾಡ್ರವ್ವ, ಬ್ಯಾಡ ಅನ್ನಲ್ಲ. ನೀರು ನಿಮ್ಮ ಬಾಗ್ಲು ಬಿಟ್ಟು ಹೋಗ್ತೈತೆ. ಹೋಗಿ ಎಲ್ಲಿ ನಿಲ್ಲಾಕೆ ಹೇಳೀರಿ ಅದಕ್ಕೆ?"

ಚರಂಡಿ ಮುಗಿಯುವುದು ಮೇಲಿನ ಓಣಿಯ ತುದಿಗೆ. ಅಲ್ಲಿಂದಾಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಕಾಟಮ್ಮನ ಮನೆ. ಕೆಳಗೇರಿ ದಾಟಿಸಿ ಹಳ್ಳದವರೆಗೆ ಒಯ್ಯಲು ಇರುವ ಅನುದಾನ ಸಾಲದು. ನೇತ್ರಾವತಿ ಓಣಿಯ ತುದಿಯವರೆಗೆ ಎಷ್ಟೋ ಸಲ ನಡೆದು ಲೆಕ್ಕ ಹಾಕಿದ್ದಳು, ಅದರಾಚೆಗೆ ಆ ಲೆಕ್ಕವನ್ನು ಒಂದು ಹೆಜ್ಜೆಯೂ ಒಯ್ದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅಧ್ಯಕ್ಷರು ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿದರು, "ಸುಮ್ನೆ ಕೈ ಎತ್ಸಿಬಿಡ್ರಿ ನೇತ್ರಮ್ಮ. ನಿಮ್ಮ ಓಣಿಯೋರೇ ಜಾಸ್ತಿ ಅದಾರೆ. ಪಾಸಾಗ್ತೈತೆ."

ಅದು ನಿಜವೇ ಆಗಿತ್ತು. ಅವಳ ಓಣಿಯವರು ಆಗಲೇ ಪೊಟ್ಟಣವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಖಾಲಿ ಇಟ್ಟುಕೊಂಡಿದ್ದರು. ಕಾಟಮ್ಮ ಮಾತ್ರ ಕೂರದೆ ನಿಂತೇ ಇದ್ದಳು, ಕೇಳಿದ್ದಕ್ಕೆ ಉತ್ತರ ಬರಲೆಂದು.

"ಹಳ್ಳದ ತನಕ ಒಯ್ಯಾಕೆ ಆಗೋ ತನಕ ನಮ್ಮ ಚರಂಡಿ ಬ್ಯಾಡ," ಎಂದಳು ನೇತ್ರಾವತಿ ಮೈಕಿನಲ್ಲೇ. "ಹಂಗೇ ಬರ್ಕಳ್ರಿ."

ಮನೆಯವರೆಗೂ ಓಣಿಯವರು ಅವಳ ಜೊತೆ ಮಾತಾಡಲಿಲ್ಲ. ಕೈಯಾರೆ ಮೆಣಸಿನಕಾಯಿ ತಿನ್ನಿಸಿ ಚರಂಡಿ ಕಳಕೊಂಡ ಮೆಂಬರು ಎಂದು ಹಿಂದಿನಿಂದ ಯಾರೋ ಅಂದಿದ್ದು ಕೇಳಿಸಿತು. ಅಳು ಬರುವಷ್ಟು ಬೇಜಾರಾಗಿತ್ತು ಅವಳಿಗೆ. ಮನೆ ಮುಂದೆ ಸೀರೆ ಎತ್ತಿ ಹಿಡಿದು ನೀರು ದಾಟಲು ಹೋದವಳು ಅಲ್ಲೇ ನಿಂತಳು. ನಿಂತ ನೀರೆಂದೇ ಇಷ್ಟು ವರ್ಷ ಅದನ್ನು ಬೈದಿದ್ದಳು. ಅದರ ಅಂಚಿನಿಂದ ಬೆರಳಗಲದ ಒಂದು ಧಾರೆ ಕಲ್ಲು ಬಳಸಿಕೊಂಡು, ಇಳಿಜಾರು ಹುಡುಕಿಕೊಂಡು, ಕೆಳಗೇರಿಯ ಕಡೆಗೆ ಹೋಗುತ್ತಲೇ ಇತ್ತು.