ಬೂದಿ ಬೀಳಬಾರದಿದ್ದ ಪಾತಿ

"ಈ ಪಾತಿಗೆ ಯಾಕಪ್ಪಾ ಕೈ ಹಾಕ್ದೆ?" ಕೃಷಿ ವಿಜ್ಞಾನಿ ಮಗಳ ಕೂಗಿಗೆ ಅಪ್ಪ ಬೂದಿ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಅಪ್ಪನಂಥ ಬೆಟ್ಟದವರು ಬಳಸುವ ಒಲೆಬೂದಿ ಬೇರುಹುಳುವನ್ನು ತಡೆಯುತ್ತದೆಂದು ನಾಳೆ ಬರುವ ಪರೀಕ್ಷಕರಿಗೆ ತೋರಿಸಲೆಂದೇ ಅವಳು ಎರಡು ಪಾತಿಗಳಲ್ಲಿ ಒಂದನ್ನು ಬೂದಿಯಿಲ್ಲದೆ ಬಿಟ್ಟಿದ್ದಳು. ಅವಳು ಪ್ರಯೋಗಾಲಯದಲ್ಲಿದ್ದಾಗಲೆಲ್ಲ ಅವನು ಕದ್ದು ಎರಚಿದ್ದರಿಂದ ಈಗ ಎರಡೂ ಪಾತಿಗಳು ಒಂದೇ ಸಮ ಹಸಿರಾಗಿದ್ದವು.

"ನಿನ್ನ ಬೂದೀನ ಗೆಲ್ಲಿಸೋಕೆ ಹೊರಟಿದ್ದೆ ನಾನು. ನೀನೇ ಅದರ ಬಾಯಿಗೆ ಮಣ್ಣು ಹಾಕ್ದೆ!"

"ಹುಳ ತಿನ್ನೋದನ್ನ ನೋಡ್ಕೊಂಡು ಕೂರ್ಬೇಕಿತ್ತಾ? ನಿನ್ನ ವಿಜ್ಞಾನಕ್ಕೆ ಕರುಳೇ ಇಲ್ವೇನಮ್ಮ? ಬೇಕಿದ್ರೆ ನೀನೇ ಕಿತ್ತು ಬಿಸಾಕು."

ಅವಳು ಬಗ್ಗಿ ಒಂದು ಸಸಿಯನ್ನು ಬುಡಕ್ಕೇ ಹಿಡಿದು ಜಗ್ಗಿದಳು. ಬೇರು ಸಡಿಲವಾಯಿತು, ಅಪ್ಪ ಮುಖ ತಿರುಗಿಸಿದ. ಹಲ್ಲು ಕಚ್ಚಿಕೊಂಡೇ ಅವಳು ಆ ಬೇರಿನ ಸುತ್ತ ಮತ್ತೆ ಮಣ್ಣನ್ನು ಒತ್ತತೊಡಗಿದಳು.