ದೂರಿಲ್ಲದ ಕಣಿವೆ

"ಬೆಟ್ಟದ ಆಚೆಯಿಂದ ಮೂರು ವರ್ಷದಲ್ಲಿ ಒಂದೇ ಒಂದು ಸಂದೇಶವೂ ಬಂದಿಲ್ಲ. ಅಲ್ಲಿಗೆ ಯಾಕಮ್ಮ ಟವರ್?" ಎಂದು ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಟವರ್ ಇಲ್ಲ ಅಂತಲೇ ಬಂದಿಲ್ಲ ಸರ್," ಎಂದಳು ಎಂಜಿನಿಯರ್. ವಿಮಾನಗಳು ನೆಲಕ್ಕೆ ಅಕ್ಷರದಲ್ಲಿ ಸಂದೇಶ ಕಳಿಸುವ ರೇಡಿಯೋ ಜಾಲದ ನಕ್ಷೆ ಅವಳದೇ. ಹನ್ನೊಂದು ಟವರುಗಳಿಗೆ ಜಾಗ ಗೊತ್ತಾಗಿತ್ತು. ಉಳಿದದ್ದು ಒಂದು. ಅದು ಬೆಟ್ಟದಾಚೆಯ ಕಣಿವೆಗೋ, ಆಗಲೇ ಎರಡಿರುವ ರಾಜಧಾನಿಗೋ ಎಂದು ಸಮಿತಿ ಸೇರಿತ್ತು.

"ರಾಜಧಾನಿಯಿಂದ ತಿಂಗಳಿಗೆ ನಾಲ್ಕು ಸಾವಿರ ದೂರು. ಸಂದೇಶ ಎರಡು ಸೆಕೆಂಡು ತಡ ಆಗುತ್ತಂತೆ. ನಿಮ್ಮ ಕಣಿವೆಯವರು ತುಟಿ ಪಿಟಕ್ಕೆನ್ನಲ್ಲ. ಅತ್ತರೆ ತಾನೇ ತಾಯಿ ಹಾಲು ಕೊಡೋದು?"

"ಅತ್ತರೂ ಕೇಳಿಸಲ್ಲ ಸರ್. ಮಾತಿನ ರೇಡಿಯೋನೂ ಅಲ್ಲಿ ಬೆಟ್ಟಕ್ಕೆ ಬಡಿದು ಸತ್ತುಹೋಗುತ್ತೆ."

ಸಾಕ್ಷಿಗೆಂದು ಅವಳು ಒಬ್ಬ ಪೈಲಟ್‌ನನ್ನು ಕರೆಸಿದ್ದಳು. ದಿನಾ ಬೆಳಿಗ್ಗೆ ಸಣ್ಣ ವಿಮಾನದಲ್ಲಿ ಕಣಿವೆಯಾಚೆಯ ಊರುಗಳಿಂದ ರೋಗಿಗಳನ್ನು ಕರೆತರುವವನು. ಅವನು ತನ್ನ ಅಕ್ಕನ ಗಂಡ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನೂ ಮುಖ ಬಿಗಿದುಕೊಂಡು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ.

"ಕಣಿವೆ ದಾಟೋಕೆ ಇಪ್ಪತ್ತೆರಡು ನಿಮಿಷ ಸರ್. ಅಷ್ಟು ಹೊತ್ತು ನಾನು ಇದ್ದೀನೋ ಇಲ್ಲವೋ ಅನ್ನೋದು ನನಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲ್ಲ," ಎಂದ ಪೈಲಟ್.

"ದೂರು ಕೊಟ್ಟಿದ್ದೀರಾ?"

"ಏಳು ಸಲ. ಕಾಗದದಲ್ಲಿ."

"ಕಾಗದ ನಡೆಯಲ್ಲಪ್ಪ." ಅಧ್ಯಕ್ಷರ ದನಿಯಲ್ಲಿ ನಿಜವಾದ ಕನಿಕರವಿತ್ತು. "ತೊಂದರೆ ಆದ ಜಾಗದಿಂದಲೇ, ಆದ ಕ್ಷಣದಲ್ಲೇ, ವಿಮಾನದ ಯಂತ್ರದಿಂದ ಕಳಿಸಬೇಕು. ಆಗ ಸ್ಥಳ, ಸಮಯ ಎಲ್ಲ ತಾನಾಗಿ ದಾಖಲಾಗುತ್ತೆ. ಮೂರು ತಿಂಗಳು ಕೊಡೋಣ. ಕಣಿವೆಯಿಂದ ಬರೀ ಹತ್ತು ದೂರು ಬರಲಿ, ಟವರ್ ನಿಮ್ಮದೇ."

ಸಮಿತಿಯವರೆಲ್ಲ ತಲೆದೂಗಿದರು. ನಾಲ್ಕು ಸಾವಿರದ ಎದುರು ಹತ್ತು! ಇದಕ್ಕಿಂತ ಉದಾರ ಮನಸ್ಸು ಉಂಟೇ?

ಹೊರಗೆ ಮೆಟ್ಟಿಲಿಳಿಯುವಾಗ ಪೈಲಟ್ ನಕ್ಕುಬಿಟ್ಟ. "ಪುಟ್ಟಿ, ಬಾವಿಗೆ ಬಿದ್ದವನ ಹತ್ತಿರ, ನೀರಿನ ಕೆಳಗಿಂದಲೇ ಅರ್ಜಿ ಬರಿ ಅಂತಾರಲ್ಲೇ ನಿಮ್ಮ ಸಾಹೇಬರು!"

"ನಗಬೇಡಿ ಭಾವ. ಅಕ್ಕನಿಗೆ ಏನಂತ ಹೇಳಲಿ?"

"ಏನೂ ಹೇಳಬೇಡ. ಆ ಇಪ್ಪತ್ತೆರಡು ನಿಮಿಷ ಗಡಿಯಾರಕ್ಕೆ ಬೆನ್ನು ಹಾಕಿ ಕೂರೋದು ಅಭ್ಯಾಸ ಮಾಡ್ಕೊಂಡಿದ್ದಾಳೆ."

ಮೂರು ತಿಂಗಳಲ್ಲಿ ಕಣಿವೆಯಿಂದ ಬಂದ ದೂರು ಸೊನ್ನೆ. ಟವರ್ ರಾಜಧಾನಿಗೆ ಹೋಯಿತು. ಕಚೇರಿಯ ಗೋಡೆಗೆ, ಜಾಲದ ನಕ್ಷೆಯ ಮೇಲೆ ಹಾರುವ ವಿಮಾನಗಳನ್ನು ಚುಕ್ಕೆಗಳಾಗಿ ತೋರಿಸುವ ದೊಡ್ಡ ಪರದೆ ಬಂತು. ದೂರು ಹೆಚ್ಚಿರುವ ಕಡೆ ಕೆಂಪು, ಇಲ್ಲದ ಕಡೆ ಹಸಿರು ಎಂದು ಅಧ್ಯಕ್ಷರೇ ಬಣ್ಣ ಗೊತ್ತುಮಾಡಿದರು. ರಾಜಧಾನಿ ಹುಣ್ಣಿನ ಹಾಗೆ ಕೆಂಪಗಿತ್ತು. ಕಣಿವೆ ಎಳೆಹುಲ್ಲಿನ ಹಸಿರು.

ಪರದೆಯ ಉದ್ಘಾಟನೆಗೆ ಅತಿಥಿಗಳು ಬಂದು ಕುಳಿತ ಬೆಳಿಗ್ಗೆ ಅಕ್ಕನ ಫೋನ್ ಬಂತು.

"ಪುಟ್ಟೀ, ಇವರು ಬೆಟ್ಟ ದಾಟಿದ್ರೇನೇ? ಇಷ್ಟು ಹೊತ್ತಿಗೆ ಇಳಿದು ಫೋನ್ ಮಾಡಬೇಕಿತ್ತು."

ಅವಳು ಪರದೆ ನೋಡಿದಳು. ಭಾವನ ವಿಮಾನದ ಚುಕ್ಕೆ ಹಸಿರಿನ ಅಂಚಿನಲ್ಲಿ ಮಾಯವಾಗಿ ಐವತ್ತು ನಿಮಿಷವಾಗಿತ್ತು. ಹುಡುಕಲು ಹೊರಟ ಇನ್ನೊಂದು ವಿಮಾನದ ಚುಕ್ಕೆಯೂ ಅವಳು ನೋಡುತ್ತಿದ್ದಂತೆಯೇ ಅದೇ ಅಂಚಿನಲ್ಲಿ ಆರಿಹೋಯಿತು.

"ಇರು ಅಕ್ಕ, ನೋಡ್ತಿದ್ದೀನಿ," ಎಂದಳು.

ಅಧ್ಯಕ್ಷರು ಕೋಲಿನ ತುದಿಯನ್ನು ಕಣಿವೆಯ ಮೇಲಿಟ್ಟು ಅತಿಥಿಗಳ ಕಡೆ ತಿರುಗಿದರು. "ಇಡೀ ಜಾಲದಲ್ಲಿ ನಾವು ಎದೆತಟ್ಟಿ ಹೇಳಿಕೊಳ್ಳಬಹುದಾದ ಜಾಗ ಇದು. ಇವತ್ತಿನವರೆಗೂ ಇಲ್ಲಿಂದ ಒಂದೇ ಒಂದು ದೂರು ಬಂದಿಲ್ಲ."

ಅತಿಥಿಗಳು ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಕೇಳಿಸದಿರಲೆಂದು ಅವಳು ಫೋನಿಗೆ ಅಂಗೈ ಒತ್ತಿ ಹಿಡಿದಳು.