ಫಿರಂಗಿಯ ಪಕ್ಕದ ಕುರ್ಚಿ

"ನನಗೊಂದು ಕುರ್ಚಿ ತಂದು ಹಾಕಿ," ಎಂದಳು ಹೆಪ್ಜಿಬಾ ಮುದುಕಿ. ಹಡ್ಸನ್ ನದಿಯ ದಂಡೆಯಲ್ಲಿ ಹೊಸದಾಗಿ ಎರಕ ಹೊಯ್ದ ಎರಡು ಫಿರಂಗಿಗಳು ಪರೀಕ್ಷೆಗೆ ಸಿದ್ಧವಾಗಿದ್ದವು. ಇಮ್ಮಡಿ ಮದ್ದು ತುಂಬಿತ್ತು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಫಿರಂಗಿ ಸಿಡಿದು ಚೂರಾಗುತ್ತಿತ್ತು. ಕೆಲಸಗಾರರೆಲ್ಲ ಆಗಲೇ ಮಣ್ಣಿನ ದಿಬ್ಬದ ಹಿಂದೆ ಸೇರಿದ್ದರು.

ಪರೀಕ್ಷೆಯ ಹೊತ್ತಿಗೆ ಮಾಲೀಕರ ಮನೆತನದವರೊಬ್ಬರು ಫಿರಂಗಿಯ ಪಕ್ಕ ಇರಲೇಬೇಕು. ಆಸ್ಟ್ರಾಂಡರ್ ಕಾರ್ಖಾನೆ ಶುರುವಾದಂದಿನಿಂದ ಇದೇ ರೂಢಿ. ಮುದುಕಿಯ ಗಂಡ ಕರ್ನಲ್ ಆದ ಮೇಲೂ ರಜೆ ಹಾಕಿ ಬಂದು ನಿಲ್ಲುತ್ತಿದ್ದ. ಅವನ ನಂತರ ಮಗ ನಿಂತ. ಈಗ ಇಬ್ಬರೂ ಇಲ್ಲ. ಮೊಮ್ಮಗ ಸಿಲಾಸ್ ಅಮೆರಿಕದ ದಕ್ಷಿಣ ರಾಜ್ಯದವರ ಮೇಲಿನ ಯುದ್ಧದಲ್ಲಿ ಈ ಫಿರಂಗಿಗಳಿಗಾಗಿಯೇ ಕಾಯುತ್ತಿದ್ದ. ಮನೆಯಲ್ಲಿ ಉಳಿದವರು ಮುದುಕಿ ಮತ್ತು ಸೊಸೆ, ಸಿಲಾಸನ ತಾಯಿ ಲೊವೀನಾ.

"ಬಿಡಿ ಅಮ್ಮಾವ್ರೇ, ಯಾರೂ ನಿಲ್ಲದೆ ಹಾರಿಸಿದ್ರೂ ನಾನು ಒಪ್ಕೋತೀನಿ," ಎಂದ ಸೈನ್ಯದಿಂದ ತಪಾಸಣೆಗೆ ಬಂದಿದ್ದ ಕ್ಯಾಪ್ಟನ್.

"ನೀವು ಒಪ್ಕೋತೀರಪ್ಪ. ಅಲ್ಲಿ ಹಾರಿಸೋ ಹುಡುಗರು ಒಪ್ಪಬೇಕಲ್ಲ? ಪಕ್ಕದಲ್ಲಿ ಯಾರಿದ್ರು ಅಂತ ಕೇಳ್ತಾರೆ. ನಮ್ಮ ಸಿಲಾಸ್ ಏನು ಹೇಳ್ಬೇಕು?"

"ಅತ್ತೆ, ನಾನು..." ಎಂದಳು ಲೊವೀನಾ. ಮಗ ತನ್ನವನು, ನಿಲ್ಲಬೇಕಾದವಳೂ ತಾನೇ. ಕಾಲು ಮಾತ್ರ ಏಳಲಿಲ್ಲ.

"ನೀನು ದಿಬ್ಬದ ಹಿಂದೆ ಹೋಗಮ್ಮ. ಈ ಕ್ಯಾಪ್ಟನ್ನನ್ನೂ ಕರ್ಕೊಂಡು ಹೋಗು. ಪಾಪ, ಆಗ್ಲೇ ಬೆವೆತುಹೋಗಿದಾರೆ."

ಮುದುಕಿ ಫಿರಂಗಿಯ ಮಗ್ಗುಲಲ್ಲಿ ಕುಳಿತು ಚೀಲದಿಂದ ಹೆಣಿಗೆ ತೆಗೆದಳು. ಸಿಲಾಸನಿಗೆ ಹೆಣೆಯುತ್ತಿದ್ದ ಕಾಲುಚೀಲ. ಲೊವೀನಾ ದಿಬ್ಬದ ಅಂಚಿನಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ದಿಬ್ಬದ ಹಿಂದಿನಿಂದ ಯಾರೋ ಫಿರಂಗಿ ಹಾರಿಸುವ ಹಗ್ಗ ಜಗ್ಗಿದರು. ನೆಲ ಅದುರಿತು. ನದಿಯಾಚೆಯ ಬೆಟ್ಟಗಳು ಆ ಗುಡುಗನ್ನು ಒಂದಕ್ಕೊಂದು ದಾಟಿಸಿದವು.

ಹೊಗೆ ಸರಿದಾಗ ಮುದುಕಿ ಕೂತಲ್ಲೇ ಇದ್ದಳು. ತಲೆಯ ಟೋಪಿ ಓರೆಯಾಗಿತ್ತು, ಅಷ್ಟೇ. ಹೆಣಿಗೆ ಕಡ್ಡಿಗಳು ಆಡುತ್ತಲೇ ಇದ್ದವು. ಕ್ಯಾಪ್ಟನ್ ತನ್ನ ಟೋಪಿ ತೆಗೆದು ಎದೆಗೊತ್ತಿಕೊಂಡ.

ಮುದುಕಿ ಎದ್ದು ಎರಡನೆಯ ಫಿರಂಗಿಯತ್ತ ಕುರ್ಚಿ ಎಳೆಯುವಷ್ಟರಲ್ಲಿ ಲೊವೀನಾ ಓಡಿಬಂದು ಅದರ ಬೆನ್ನು ಹಿಡಿದಳು. "ಬಿಡಿ ಅತ್ತೆ. ಇದಕ್ಕೆ ನಾನು ಕೂರ್ತೀನಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲುಚೀಲವನ್ನು ಮಡಿಲಿಗಿಟ್ಟು ಹೇಳಿದಳು: "ಹೆಣೀತಾ ಇರು. ದೂರದಿಂದ ನೋಡೋರಿಗೆ ಏನೂ ಗೊತ್ತಾಗಲ್ಲ."

ಲೊವೀನಾ ಕಣ್ಣು ತಗ್ಗಿಸಿದಳು. ಅತ್ತೆ ಈಗಷ್ಟೇ ಹೆಣೆದಿದ್ದ ಕೊನೆಯ ಸಾಲುಗಳಲ್ಲಿ ಒಂದು ಕುಣಿಕೆಯೂ ನೆಟ್ಟಗಿರಲಿಲ್ಲ.